ಹಾಟ್ ಟಬ್ ನೀರಿಗೆ ಯಾವ ಮದ್ದು? ನಮ್ಮ ಮೂರು ತಾಲೂಕಿನ ಬಾವಿ ನೀರಿನ ಲೆಕ್ಕ

ಬಿಸಿನೀರ ಸ್ನಾನ ನಮ್ಮ ಕಡೆಯವರಿಗೆ ಹೊಸತೇನಲ್ಲ. ಬಚ್ಚಲಲ್ಲಿ ತಾಮ್ರದ ಹಂಡೆ, ಒಲೆಗೆ ಮಡಲು ಮತ್ತು ತೆಂಗಿನ ಸಿಪ್ಪೆ, ಮೈಗೆ ಎಣ್ಣೆ. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ ಅಂತಲೇ ಒಂದು ಆಚರಣೆ ಉಂಟು. ಹಂಡೆಯನ್ನು ಹುಳಿ ಹಾಕಿ ತಿಕ್ಕಿ ತೊಳೆದು, ಬಾವಿಯಿಂದ ಹೊಸ ನೀರು ಸೇದಿ ತುಂಬ್ತಾರೆ. ಹಂಡೆಯಿಂದ ಚೊಂಬಿನಲ್ಲಿ ಮೊಗೆದು ಮೈಗೆ ಹೊಯ್ದ ನೀರು ಮತ್ತೆ ಹಂಡೆಗೆ ಬರುವುದಿಲ್ಲ, ಸೀದಾ ತೆಂಗಿನ ಬುಡಕ್ಕೆ ಹೋಗ್ತದೆ. ಒಬ್ಬರು ಮಿಂದ ನೀರಿನಲ್ಲಿ ಇನ್ನೊಬ್ಬರು ಮೀಯುವ ಪ್ರಶ್ನೆಯೇ ಇಲ್ಲ. ಹಾಗಾಗಿ ಹಂಡೆ ನೀರಿಗೆ ಯಾವ ಮದ್ದೂ ಬೇಕಾಗಿರಲಿಲ್ಲ.

ಹಾಟ್ ಟಬ್ ಇದಕ್ಕೆ ಪೂರ್ತಿ ಉಲ್ಟಾ. ನೀರು ತುಂಬಿಸಿ, ಹೀಟರಿನಲ್ಲಿ 38ರಿಂದ 40 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ, ಪಂಪಿನಿಂದ ಫಿಲ್ಟರ್ ಮೂಲಕ ಸುತ್ತಿಸ್ತಾ ಅದೇ ನೀರನ್ನು ದಿನಗಟ್ಟಲೆ, ಕೆಲವು ಕಡೆ ವಾರಗಟ್ಟಲೆ ಇಟ್ಟುಕೊಳ್ತಾರೆ. ಇವತ್ತು ಕೂತವರು ಬೇರೆ, ನಾಳೆ ಕೂರುವವರು ಬೇರೆ, ನೀರು ಮಾತ್ರ ಅದೇ. ಜನ ಇದನ್ನು ಜಕೂಝಿ ಅಂತ ಕರೀತಾರೆ. ಅದು ನಿಜವಾಗಿ ಒಂದು ಕಂಪನಿಯ ಹೆಸರು. ಅಮೆರಿಕಕ್ಕೆ ಹೋಗಿ ನೆಲೆಸಿದ ಇಟಲಿ ಮೂಲದ ಜಕೂಝಿ ಕುಟುಂಬದವರು ಟಬ್‌ಗೆ ಬರುವ ಮೊದಲು ಬಾವಿ ಪಂಪ್ ಮಾಡ್ತಿದ್ದರು!

ನಾವು ಈ ವಿಷಯಕ್ಕೆ ಬಂದದ್ದು ಹೀಗೆ. ನಾವು ಮೂವರು ಕ್ಲಾಸ್‌ಮೇಟ್‌ಗಳು, ಬೈಂದೂರು, ಕುಂದಾಪುರ, ಬ್ರಹ್ಮಾವರ, ಒಂದೊಂದು ತಾಲೂಕಿನಿಂದ ಒಬ್ಬೊಬ್ಬರು. ಬೈಂದೂರಿನವನ ಸೋದರಮಾವ ಸಮುದ್ರದ ಹತ್ತಿರ ಸಣ್ಣ ಹೋಮ್‌ಸ್ಟೇ ನಡೆಸ್ತಾರೆ. ಕೊಲ್ಲೂರಿಗೆ ಬರುವವರು, ಮರವಂತೆ ಬೀಚ್ ನೋಡುವವರು ಉಳಿದುಕೊಳ್ತಾರೆ. ಬರುವವರು "ಟಬ್ ಉಂಟಾ?" ಅಂತ ಕೇಳಲು ಶುರು ಮಾಡಿದ್ದರಿಂದ ಮಾವನಿಗೂ ಒಂದು ಹಾಕಿಸುವ ಆಲೋಚನೆ. ಮಾರುವವರಲ್ಲಿ ಒಬ್ಬರು "ಓಝೋನ್ ಇದ್ದರೆ ಕೆಮಿಕಲ್ಲೇ ಬೇಡ" ಅಂದರು. ಇನ್ನೊಬ್ಬರು "ಸಾಲ್ಟ್ ಸಿಸ್ಟಮ್ ಹಾಕಿಸಿ, ಕ್ಲೋರಿನ್ ರಗಳೆ ಇಲ್ಲ" ಅಂದರು. ಪಕ್ಕದ ಮನೆಯವರು "ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಒಂದು ಮುಷ್ಟಿ ಸಾಕು" ಅಂದರು. ಮಾವ ನಮ್ಮನ್ನೇ ಕೇಳಿದರು: "ನೀವು ಎಂಜಿನಿಯರಿಂಗ್ ಕಲಿಯುವವ್ರಲ್ದಾ, ಯಾವ್ದು ಹಾಕೂದು ಹೇಳಿ ಕಾಂಬ."

ಈ ಲೇಖನ ಆ ಪ್ರಶ್ನೆಗೆ ನಾವು ಹುಡುಕಿದ ಉತ್ತರ.

ಕಾಂಬುಕೆ ಲಾಯ್ಕಿದ್ದರೆ ಸಾಲದು

ಮೊದಲು ಒಂದು ಸಣ್ಣ ಲೆಕ್ಕ. 4 ಜನ ಕೂರುವ ಟಬ್ 1,200 ಲೀಟರ್ ಹಿಡೀತದೆ ಅಂತ ಇಟ್ಟುಕೊಳ್ಳಿ. ಒಬ್ಬರ ಪಾಲಿಗೆ 300 ಲೀಟರ್ ನೀರು. 25 ಮೀಟರ್ ಉದ್ದ, 12.5 ಮೀಟರ್ ಅಗಲ, ಸರಾಸರಿ 1.5 ಮೀಟರ್ ಆಳದ ಈಜುಕೊಳದಲ್ಲಿ ಸುಮಾರು 4.7 ಲಕ್ಷ ಲೀಟರ್ ನೀರಿರ್ತದೆ. ಅಲ್ಲಿಯೂ ಒಬ್ಬರ ಪಾಲಿಗೆ 300 ಲೀಟರ್ ಆಗಬೇಕಿದ್ದರೆ ಒಂದೇ ಸಲಕ್ಕೆ 1,500ಕ್ಕಿಂತ ಹೆಚ್ಚು ಜನ ಇಳಿಯಬೇಕು. ಅಂದರೆ ಟಬ್‌ನಲ್ಲಿ ನಾಲ್ಕು ಜನ ಕೂತರೆ, ಬೆವರು, ಎಣ್ಣೆ, ಕ್ರೀಮ್, ಚರ್ಮದ ಕೊಳೆಯ ಲೆಕ್ಕದಲ್ಲಿ ಅದು ಜಾತ್ರೆ ಸೇರಿದ ಈಜುಕೊಳಕ್ಕೆ ಸಮ. ಮೇಲಿಂದ ನೀರು ಬಿಸಿ ಬೇರೆ, ಬೆವರು ಇನ್ನೂ ಹೆಚ್ಚು.

"ಬಿಸಿ ಇದ್ದರೆ ಕ್ರಿಮಿ ಸಾಯುವುದಿಲ್ವಾ?" ಅಂತ ನಮ್ಮ ಹಾಸ್ಟೆಲ್‌ನಲ್ಲಿ ಹಲವರು ಕೇಳಿದರು. ಕುದಿದರೆ ಸಾಯ್ತದೆ. ಆದರೆ 40 ಡಿಗ್ರಿ ಅಂದರೆ ನಮ್ಮ ಮೈ ಬಿಸಿಗಿಂತ ಸ್ವಲ್ಪ ಮೇಲೆ ಅಷ್ಟೇ. ಲೀಜಿಯೋನೆಲ್ಲಾ ಅನ್ನುವ ಬ್ಯಾಕ್ಟೀರಿಯಾ 25ರಿಂದ 45 ಡಿಗ್ರಿಯ ನೀರಿನಲ್ಲಿ ಚೆನ್ನಾಗಿ ಬೆಳೀತದೆ. ಸೂಡೋಮೊನಾಸ್ ಅನ್ನುವ ಇನ್ನೊಂದಕ್ಕೂ ಈ ಬಿಸಿ ಹಿತವೇ. ಸೂಡೋಮೊನಾಸ್‌ನಿಂದ ಬರುವುದು ಚರ್ಮದ ಮೇಲೆ ಕೆಂಪು ಗುಳ್ಳೆ, ತುರಿಕೆ, ಬಟ್ಟೆ ಒತ್ತಿಕೊಂಡ ಜಾಗದಲ್ಲಿ ಹೆಚ್ಚು. ಸಾಮಾನ್ಯವಾಗಿ ತನ್ನಷ್ಟಕ್ಕೆ ಗುಣವಾಗ್ತದೆ. ಲೀಜಿಯೋನೆಲ್ಲಾ ಹಾಗಲ್ಲ, ಅದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ತರ್ತದೆ. ನೀರು ಕುಡಿಯಬೇಕು ಅಂತಿಲ್ಲ, ಜೆಟ್‌ನ ಗುಳ್ಳೆ ಒಡೆದು ಏಳುವ ಸೂಕ್ಷ್ಮ ಹನಿಗಳನ್ನು ಉಸಿರಾಡಿದರೆ ಸಾಕು.

1999ರ ಫೆಬ್ರವರಿಯಲ್ಲಿ ನೆದರ್‌ಲ್ಯಾಂಡ್ಸ್‌ನ ಬೋವೆನ್‌ಕಾರ್ಸ್ಪೆಲ್ ಎಂಬಲ್ಲಿ ಒಂದು ಪುಷ್ಪ ಪ್ರದರ್ಶನ ನಡೆದಿತ್ತು. ಅಲ್ಲಿ ಮಾರಾಟಕ್ಕೆಂದು ನೀರು ತುಂಬಿಸಿ ಚಾಲೂ ಮಾಡಿಟ್ಟಿದ್ದ ವರ್ಲ್‌ಪೂಲ್ ಟಬ್‌ನಿಂದ ಲೀಜಿಯೋನೆಲ್ಲಾ ಹರಡಿತು. ಸುಮಾರು 30 ಜನ ಸತ್ತರು, ಕಾಯಿಲೆ ಬಿದ್ದವರು ಅದರ ಹಲವು ಪಟ್ಟು. ಟಬ್ ಇದ್ದದ್ದು ನೋಡಲಿಕ್ಕೆ ಮಾತ್ರ, ಕಾಯಿಲೆ ಬಿದ್ದವರು ಅದರಲ್ಲಿ ಮಿಂದವರಲ್ಲ. ಅದರ ಹತ್ತಿರ ನಡೆದು ಹೋದವರು.

ಇದರಲ್ಲಿ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ ವಿಷಯ ಒಂದುಂಟು. ಈ ಕಾಯಿಲೆಯ ಲಕ್ಷಣ ಕಾಣಲು ಎರಡು ದಿನದಿಂದ ಎರಡು ವಾರ ಹಿಡೀತದೆ. ಶನಿವಾರ ಮರವಂತೆಯಲ್ಲಿ ಟಬ್‌ನಲ್ಲಿ ಕೂತವರು ಜ್ವರ ಬರುವ ಹೊತ್ತಿಗೆ ಬೆಂಗಳೂರಿನಲ್ಲಿರ್ತಾರೆ. ಅಲ್ಲಿನ ಡಾಕ್ಟರಿಗೆ ಟಬ್ ವಿಷಯ ಗೊತ್ತಾಗುವುದಿಲ್ಲ, ಇಲ್ಲಿನ ಮಾಲೀಕರಿಗೆ ಜ್ವರದ ವಿಷಯ ಗೊತ್ತಾಗುವುದಿಲ್ಲ. ಟಬ್ ನೀರು ನೋಡಿದರೆ ಕಾಂಬುಕೆ ಲಾಯ್ಕೇ ಇರ್ತದೆ. ಹಾಗಾಗಿ "ಇಷ್ಟು ದಿನ ಯಾರಿಗೂ ಏನೂ ಆಗಲಿಲ್ಲ" ಅನ್ನುವ ಅನುಭವದ ಮಾತು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅಳತೆ ಮಾತ್ರ ಲೆಕ್ಕಕ್ಕೆ ಬರ್ತದೆ.

ಯಾವುದೇ ವಿಧಾನಕ್ಕೆ ಕೇಳಬೇಕಾದ ಮೂರು ಪ್ರಶ್ನೆ

ಮಾರುವವರ ಮಾತು, ಬ್ರೋಷರ್‌ನ ಬಣ್ಣ ಎಲ್ಲ ಬದಿಗಿಟ್ಟು ನಾವು ಮೂರು ಪ್ರಶ್ನೆ ಬರೆದುಕೊಂಡೆವು.

ಒಂದು, ಈ ಮದ್ದು ನೀರಿನಲ್ಲಿ ಉಳೀತದಾ? ಟಬ್‌ನಲ್ಲಿ ಕೂತವರಿಂದ ಪಕ್ಕದವರಿಗೆ ಕ್ರಿಮಿ ದಾಟಲು ಫಿಲ್ಟರ್ ತನಕ ಹೋಗಬೇಕು ಅಂತಿಲ್ಲ. ಕೊಲ್ಲುವ ಶಕ್ತಿ ಅಲ್ಲಿಯೇ, ಆ ನೀರಿನಲ್ಲೇ ಇರಬೇಕು. ಇದಕ್ಕೆ ರೆಸಿಡ್ಯುಯಲ್ ಅಂತಾರೆ, ನಾವು ಉಳಿಕೆ ಅನ್ನೋಣ.

ಎರಡು, 40 ಡಿಗ್ರಿ ಬಿಸಿ, ಬೆವರು, ಗುಳ್ಳೆ, ಇವುಗಳ ನಡುವೆ ಅದು ಕೆಲಸ ಮಾಡ್ತದಾ?

ಮೂರು, ನಮ್ಮ ಬಾವಿ ನೀರಿಗೆ, ನಮ್ಮ ಹವೆಗೆ, ನಮ್ಮ ಕರೆಂಟಿಗೆ ಅದು ಹೊಂದುತ್ತದಾ?

ಒಂದೊಂದೇ ವಿಧಾನ

ಯುವಿ ದೀಪ: 254 ನ್ಯಾನೋಮೀಟರ್ ತರಂಗಾಂತರದ ಬೆಳಕು ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಹಾಳು ಮಾಡ್ತದೆ. ದೀಪದ ಎದುರು ಹಾದುಹೋಗುವ ನೀರಿಗೆ ಒಳ್ಳೆ ಮದ್ದು. ಆದರೆ ದೀಪ ದಾಟಿದ ಮೇಲೆ ಉಳಿಕೆ ಸೊನ್ನೆ. ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ದೀಪದ ಗಾಜಿನ ಕವಚಕ್ಕೆ ಕಂದು ಪೊರೆ ಕೂತು ಬೆಳಕೇ ಹೊರಗೆ ಬರುವುದಿಲ್ಲ.

ಓಝೋನ್: ಗಾಳಿಯ ಆಮ್ಲಜನಕಕ್ಕೆ ಹೈ ವೋಲ್ಟೇಜ್ ಡಿಸ್ಚಾರ್ಜ್ ಕೊಟ್ಟು ಓಝೋನ್ ಮಾಡಿ ನೀರಿಗೆ ಬಿಡ್ತಾರೆ. ಕ್ರಿಮಿ ಕೊಲ್ಲುವುದರಲ್ಲಿ, ಬೆವರು ಎಣ್ಣೆ ಸುಡುವುದರಲ್ಲಿ ಇದು ಕ್ಲೋರಿನ್‌ಗಿಂತ ಜೋರು. ಆದರೆ ಬಿಸಿ ನೀರಿನಲ್ಲಿ ಕೆಲವೇ ನಿಮಿಷಗಳಲ್ಲಿ ಒಡೆದು ಮತ್ತೆ ಆಮ್ಲಜನಕ ಆಗ್ತದೆ. ಇನ್ನೊಂದು ತೊಂದರೆ ನಮ್ಮ ಊರಿನದ್ದು: ಒಳಗೆ ಹೋಗುವ ಗಾಳಿ ತೇವ ಇದ್ದರೆ ಓಝೋನ್ ಕಡಿಮೆ ಹುಟ್ಟುತ್ತದೆ, ಜೊತೆಗೆ ನೈಟ್ರಿಕ್ ಆಮ್ಲ ಉಂಟಾಗಿ ಯಂತ್ರದ ಒಳಭಾಗ ತಿನ್ನುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ, ಹಾಸಿಗೆ ಬಟ್ಟೆಯೇ ಒಣಗದ ಕರಾವಳಿಯಲ್ಲಿ ಇದು ಸಣ್ಣ ವಿಷಯ ಅಲ್ಲ. ಗಾಳಿ ಒಣಗಿಸುವ ವ್ಯವಸ್ಥೆ ಇಲ್ಲದ ಯಂತ್ರ ಇಲ್ಲಿಗೆ ಆಗುವುದಿಲ್ಲ.

ಯುವಿ ಮತ್ತು ಓಝೋನ್ ಎರಡಕ್ಕೂ ಇರುವ ದೊಡ್ಡ ತೊಡಕು ಕರೆಂಟ್. ಜೂನ್, ಜುಲೈನಲ್ಲಿ ಗಾಳಿಗೆ ಮರ ಬಿದ್ದು ಲೈನ್ ಹೋದರೆ ಕೆಲವೊಮ್ಮೆ ಮರುದಿನದ ತನಕ ಕಾಯಬೇಕು. ಪಂಪ್ ನಿಂತು, ದೀಪ ಆರಿ, ನೀರು ಬೆಚ್ಚಗೆ ಮುಚ್ಚಳದ ಅಡಿ ಇರ್ತದೆ. ಆಗ ಕಾಯುವುದು ಮೊದಲೇ ನೀರಿನಲ್ಲಿ ಇದ್ದ ಉಳಿಕೆ ಮಾತ್ರ. ಹಾಗಾಗಿ ಇವೆರಡೂ ಸಹಾಯಕರು. ಇವುಗಳಿಂದ ಕ್ಲೋರಿನ್ ಖರ್ಚು ಕಡಿಮೆ ಆಗ್ತದೆ, ಕ್ಲೋರಿನ್ನಿನ ಜಾಗ ತುಂಬುವುದಿಲ್ಲ.

ತಾಮ್ರ, ಬೆಳ್ಳಿ ಅಯಾನು: "ಹಂಡೆಯೂ ತಾಮ್ರದ್ದೇ ಅಲ್ವಾ" ಅಂತ ನಮ್ಮಲ್ಲೇ ಒಬ್ಬರು ವಾದ ಮಾಡಿದರು. ತಾಮ್ರ ಬ್ಯಾಕ್ಟೀರಿಯಾ ಕೊಲ್ಲುವುದು ಹೌದು, ಆದರೆ ಗಂಟೆಗಳ ಲೆಕ್ಕದಲ್ಲಿ. ರಾತ್ರಿ ತಂಬಿಗೆಯಲ್ಲಿಟ್ಟ ನೀರಿಗೆ ಅಷ್ಟು ಸಮಯ ಉಂಟು. ನಾಲ್ಕು ಜನ ಮೊಣಕೈ ತಾಗಿಸಿಕೊಂಡು ಕೂತ ಟಬ್‌ನಲ್ಲಿ ಇಲ್ಲ.

ಸಾಲ್ಟ್ ಸಿಸ್ಟಮ್: ಹೆಸರಿನಲ್ಲಿ ಉಪ್ಪು, ಕೆಲಸ ಮಾಡುವುದು ಕ್ಲೋರಿನ್ನೇ. ನೀರಿಗೆ ಲೀಟರಿಗೆ ಎರಡು ಮೂರು ಗ್ರಾಂ ಉಪ್ಪು ಹಾಕಿ, ಎಲೆಕ್ಟ್ರೋಲಿಸಿಸ್ ಮಾಡಿ, ಅಲ್ಲಿಯೇ ಕ್ಲೋರಿನ್ ತಯಾರಿಸ್ತಾರೆ. ಪಿಯುಸಿಯಲ್ಲಿ ಬರೆದ ಸಮೀಕರಣವೇ. "ಕ್ಲೋರಿನ್ ಇಲ್ಲ" ಅನ್ನುವ ಮಾತು ಸರಿಯಲ್ಲ. ಇದಕ್ಕೂ ಕರೆಂಟ್ ಬೇಕು, ಉಪ್ಪು ಗಾಳಿಗೆ ಈಗಾಗಲೇ ತುಕ್ಕು ಹಿಡಿಯುವ ಪಂಪ್, ಬೋಲ್ಟುಗಳಿಗೆ ಉಪ್ಪು ನೀರೂ ಸೇರ್ತದೆ.

ಬ್ರೋಮಿನ್: ಬಿಸಿ ನೀರಿಗೆ ಹೇಳಿ ಮಾಡಿಸಿದ ಹಾಗಿದೆ. ಪಿಎಚ್ ಸ್ವಲ್ಪ ಏರಿದರೂ ಕ್ಲೋರಿನ್ ಹಾಗೆ ಶಕ್ತಿ ಕಳೆದುಕೊಳ್ಳುವುದಿಲ್ಲ. ಬೆವರಿನ ಅಮೋನಿಯಾ ಜೊತೆ ಸೇರಿದ ಮೇಲೂ ಕ್ರಿಮಿ ಕೊಲ್ಲುವ ಗುಣ ಉಳಿಸಿಕೊಳ್ತದೆ, ಮೂಗಿಗೆ ಹೊಡೆಯುವ ವಾಸನೆಯೂ ಕಡಿಮೆ. ತೊಂದರೆ ಎರಡು. ಬಿಸಿಲಿಗೆ ಬೇಗ ಹಾಳಾಗ್ತದೆ, ಕ್ಲೋರಿನ್‌ಗೆ ಇರುವಂಥ ಬಿಸಿಲಿನ ರಕ್ಷಣೆ ಇದಕ್ಕೆ ಕೊಡಲು ಬರುವುದಿಲ್ಲ. ಮತ್ತೆ, ಬ್ಲೀಚಿಂಗ್ ಪೌಡರ್ ಸಿಕ್ಕಿದ ಹಾಗೆ ನಮ್ಮ ಪೇಟೆ ಅಂಗಡಿಯಲ್ಲಿ ಸಿಗುವುದಿಲ್ಲ, ಹೊರಗಿನಿಂದ ತರಿಸಬೇಕು, ಕ್ರಯವೂ ಜಾಸ್ತಿ. ಮಾತ್ರೆ ಮುಗಿದ ದಿನವೇ ಗೆಸ್ಟ್ ಬಂದರೆ?

ಕ್ಲೋರಿನ್: ಅಗ್ಗ, ಸಿಗ್ತದೆ, ಉಳಿಕೆ ಇರ್ತದೆ, ಅಳೆಯುವುದು ಸುಲಭ. ಆದರೆ ಪಿಎಚ್ ಮೇಲೆ ಕಣ್ಣಿಡಬೇಕು. ಕ್ಲೋರಿನ್ ನೀರಿಗೆ ಬಿದ್ದರೆ ಎರಡು ರೂಪದಲ್ಲಿರ್ತದೆ: ಹೈಪೋಕ್ಲೋರಸ್ ಆಮ್ಲ ಮತ್ತು ಹೈಪೋಕ್ಲೋರೈಟ್ ಅಯಾನು. ಕೊಲ್ಲುವ ಶಕ್ತಿ ಮುಖ್ಯವಾಗಿ ಆಮ್ಲದ್ದು. ಪಿಎಚ್ 7ರಲ್ಲಿ ಮುಕ್ಕಾಲು ಪಾಲು ಆಮ್ಲ, 7.5ರಲ್ಲಿ ಸುಮಾರು ಅರ್ಧ, 8ಕ್ಕೆ ಹೋದರೆ ಕಾಲು ಭಾಗ ಮಾತ್ರ. ಅದೇ ಕ್ಲೋರಿನ್, ಅದೇ ಖರ್ಚು, ಕೆಲಸ ಮಾತ್ರ ಮೂರನೇ ಒಂದು ಪಾಲು!

"ಕ್ಲೋರಿನ್ ವಾಸನೆ ಬರ್ತದೆ, ಅಂದ್ರೆ ಜಾಸ್ತಿ ಹಾಕಿದ್ದಾರೆ" ಅನ್ನುವುದು ಇನ್ನೊಂದು ತಪ್ಪು ಕಲ್ಪನೆ. ಆ ಘಾಟು ಬರುವುದು ಕ್ಲೋರಿನ್ ಬೆವರು, ಮೂತ್ರದ ಜೊತೆ ಸೇರಿ ಆದ ಕ್ಲೋರಮೀನ್‌ನಿಂದ. ಹೆಚ್ಚಾಗಿ ಅದರ ಅರ್ಥ ಕೊಳೆಗೆ ತಕ್ಕಷ್ಟು ಕ್ಲೋರಿನ್ ಇಲ್ಲ ಅಂತ.

ಮೂರು ತಾಲೂಕಿನ ಬಾವಿಗಳು

ಇಂಟರ್‌ನೆಟ್‌ನಲ್ಲಿ ಸಿಗುವ ಸಲಹೆಗಳೆಲ್ಲ ನಲ್ಲಿಯಲ್ಲಿ ಒಂದೇ ಗುಣದ ನೀರು ಬರುವ ಊರಿನವರಿಗೆ ಬರೆದದ್ದು. ನಮ್ಮಲ್ಲಿ ಮನೆಗೊಂದು ಬಾವಿ, ಬಾವಿಗೊಂದು ನೀರು. ತಾಲೂಕಿಗೆ ಒಂದೇ ಬಗೆ ಅಂತಲೂ ಇಲ್ಲ, ಸಮುದ್ರ ಮತ್ತು ಹೊಳೆಯಿಂದ ಎಷ್ಟು ದೂರ ಅನ್ನುವುದೇ ಮುಖ್ಯ.

ಬ್ರಹ್ಮಾವರದ ಒಳಗಿನ ಕಡೆ, ಮುರಕಲ್ಲು ಕಡಿದು ತೆಗೆದ ಬಾವಿಗಳ ನೀರು ಮೆದು. ಸಾಬೂನು ಹಾಕಿದರೆ ನೊರೆ ಹೋಗುವುದೇ ಇಲ್ಲ. ಕ್ಯಾಲ್ಸಿಯಂ ಕಡಿಮೆ, ಸ್ವಲ್ಪ ಹುಳಿ ಗುಣ, ಪಿಎಚ್ 7ಕ್ಕಿಂತ ಕೆಳಗೆ. ಇಂಥ ನೀರು ಹೀಟರಿನ ಲೋಹವನ್ನು ತಿನ್ನುತ್ತದೆ. ಕ್ಷಾರೀಯತೆ, ಅಂದರೆ ಪಿಎಚ್ ಅಲ್ಲಾಡದ ಹಾಗೆ ಹಿಡಿದಿಡುವ ಶಕ್ತಿ, ಇದರಲ್ಲಿ ಕಡಿಮೆ. ಜೆಟ್ ಹಾಕಿದಾಗ ನೀರಿನಲ್ಲಿ ಕರಗಿದ್ದ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಮೇಲಕ್ಕೆ ಓಡ್ತದೆ. ಬೆಳಿಗ್ಗೆ ಒಂದು ರೀಡಿಂಗ್, ಸಂಜೆ ಇನ್ನೊಂದು. ಪರಿಹಾರ ಅಡುಗೆ ಸೋಡಾ. 1,200 ಲೀಟರ್ ನೀರಿನ ಕ್ಷಾರೀಯತೆಯನ್ನು 60 ಪಿಪಿಎಂ ಏರಿಸಲು ಸುಮಾರು 120 ಗ್ರಾಂ ಸೋಡಿಯಂ ಬೈಕಾರ್ಬನೇಟ್ ಸಾಕು. ಒಟ್ಟು 80ರಿಂದ 120 ಪಿಪಿಎಂ ನಡುವೆ ನಿಂತರೆ ಪಿಎಚ್ ಹದಕ್ಕೆ ಬರ್ತದೆ.

ಮುರಕಲ್ಲಿನ ಇನ್ನೊಂದು ಉಡುಗೊರೆ ಕಬ್ಬಿಣ. ಸೇದಿದಾಗ ನೀರು ತಿಳಿಯಾಗಿರ್ತದೆ, ಕ್ಲೋರಿನ್ ಹಾಕಿದ ಕೂಡಲೇ ಚಾ ಬಣ್ಣಕ್ಕೆ ತಿರುಗ್ತದೆ. ಕರಗಿದ್ದ ಕಬ್ಬಿಣ ಆಕ್ಸಿಡೈಸ್ ಆಗಿ ಕಣವಾಗುವುದೇ ಇದಕ್ಕೆ ಕಾರಣ. ಗಾಬರಿ ಬೇಡ. ಗೆಸ್ಟ್ ಇಲ್ಲದ ದಿನ ತುಂಬಿಸಿ, ಕ್ಲೋರಿನ್ ಹಾಕಿ, ರಾತ್ರಿಯಿಡೀ ಫಿಲ್ಟರ್ ಓಡಿಸಿ, ಫಿಲ್ಟರ್ ತೊಳೆದರೆ ಬಣ್ಣ ಹೋಗ್ತದೆ.

ಕುಂದಾಪುರ ಪೇಟೆಯ ಸುತ್ತ ಹೊಳೆಗಳು ಸಮುದ್ರ ಸೇರುವ ಜಾಗ. ಉಬ್ಬರಕ್ಕೆ ಉಪ್ಪು ನೀರು ಹೊಳೆಯಲ್ಲಿ ಒಳಗಿನ ತನಕ ಬರ್ತದೆ, ಅದನ್ನು ತಡೆಯಲೆಂದೇ ಕಿಂಡಿ ಅಣೆಕಟ್ಟುಗಳಿಗೆ ಬೇಸಿಗೆಯಲ್ಲಿ ಹಲಗೆ ಹಾಕುವುದು. ಜೊತೆಗೆ ಮನೆಗಳು ಒತ್ತೊತ್ತಾಗಿರುವಲ್ಲಿ ಬಾವಿಗೂ ಟಾಯ್ಲೆಟ್ ಗುಂಡಿಗೂ ದೂರ ಕಡಿಮೆ. ಮಳೆಗಾಲದಲ್ಲಿ ನೀರಿನ ಮಟ್ಟ ಏರಿದಾಗ ಎರಡೂ ಹತ್ತಿರವಾಗ್ತವೆ. ಅಂಥ ಬಾವಿಯ ನೀರು ಟಬ್‌ಗೆ ಬರುವಾಗಲೇ ಅಮೋನಿಯಾ ಹೊತ್ತು ತಂದಿರಬಹುದು. ಹಾಕಿದ ಕ್ಲೋರಿನ್ ಮೊದಲು ಅದಕ್ಕೆ ಖರ್ಚಾಗ್ತದೆ. ಲೆಕ್ಕ ಮಾಡಿ ಹಾಕಿದರೂ ರೀಡಿಂಗ್ ಸೊನ್ನೆ ಬಂದರೆ ಬಾವಿಯನ್ನೇ ಅನುಮಾನಿಸಬೇಕು, ಕುಡಿಯುವ ನೀರಿನ ಪರೀಕ್ಷೆಯನ್ನೂ ಮಾಡಿಸಬೇಕು.

ಬೈಂದೂರು ಕಡೆ, ಮಾವನ ಬಾವಿ ಸಮುದ್ರಕ್ಕೆ ಹತ್ತಿರ. ಏಪ್ರಿಲ್, ಮೇನಲ್ಲಿ ನೀರು ಸ್ವಲ್ಪ ಉಪ್ಪುಪ್ಪು. ಇಲ್ಲಿ ನಮಗೆ ತುಂಬ ಇಷ್ಟವಾದ ಕೆಮಿಸ್ಟ್ರಿ ಉಂಟು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 65 ಮಿಲಿಗ್ರಾಂ ಬ್ರೋಮೈಡ್ ಇರ್ತದೆ. 100 ಲೀಟರ್ ಬಾವಿ ನೀರಿನಲ್ಲಿ 2 ಲೀಟರಿನಷ್ಟು ಸಮುದ್ರದ ನೀರು ಸೇರಿದೆ ಅಂತ ಇಟ್ಟುಕೊಂಡರೆ, ಬ್ರೋಮೈಡ್ ಲೀಟರಿಗೆ 1.3 ಮಿಲಿಗ್ರಾಂ. ಆ ನೀರಿಗೆ 3 ಪಿಪಿಎಂ ಕ್ಲೋರಿನ್ ಹಾಕಿದರೆ ಮೋಲ್ ಲೆಕ್ಕದಲ್ಲಿ ಅದರ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಬ್ರೋಮೈಡ್ ಜೊತೆ ಸೇರಿ ಬ್ರೋಮಿನ್ ಆಗಿಬಿಡ್ತದೆ. ಅಂದರೆ ಮಾವ ಕ್ಲೋರಿನ್ ಖರೀದಿ ಮಾಡಿ ಹಾಕಿದರೂ ಟಬ್‌ನಲ್ಲಿ ಅರ್ಧಂಬರ್ಧ ಬ್ರೋಮಿನ್ ಸಿಸ್ಟಮ್ ಓಡ್ತಾ ಇರ್ತದೆ! ಕ್ರಿಮಿ ಕೊಲ್ಲುವುದಕ್ಕೆ ಇದರಿಂದ ತೊಂದರೆ ಇಲ್ಲ. ಆದರೆ ಮುಚ್ಚಳ ತೆಗೆದಿಟ್ಟರೆ ಬಿಸಿಲಿಗೆ ಉಳಿಕೆ ಬೇಗ ಇಳೀತದೆ, ಆ ದಿನಗಳಲ್ಲಿ ಇನ್ನೂ ಹೆಚ್ಚು ಸಲ ಅಳೆಯಬೇಕು.

ನಮ್ಮ ಆಯ್ಕೆ

ಎಲ್ಲ ನೋಡಿ ನಾವು ಮಾವನಿಗೆ ಹೇಳಿದ್ದು ಕ್ಲೋರಿನ್. ಆದರೆ ಯಾವ ರೂಪದ ಕ್ಲೋರಿನ್ ಅನ್ನುವುದರಲ್ಲಿ ಮತ್ತೆ ನಾಲ್ಕು ದಾರಿ.

ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರಿನಲ್ಲಿ ಹೊಸತಿರುವಾಗ ಸುಮಾರು 33 ಶೇಕಡಾ ಕ್ಲೋರಿನ್. ನಮ್ಮ ತೇವಕ್ಕೆ ಚೀಲ ಬಿಚ್ಚಿಟ್ಟರೆ ಶಕ್ತಿ ಇಳೀತಾ ಹೋಗ್ತದೆ, ಎಷ್ಟು ಉಳಿದಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಬಾವಿಗೆ 1,000 ಲೀಟರಿಗೆ 2.5 ಗ್ರಾಂ ಅನ್ನುವ ಅಳತೆಯಲ್ಲಿ ಹಾಕಿದರೆ ಸಿಗುವುದು ಹೆಚ್ಚೆಂದರೆ ಸುಮಾರು 0.8 ಪಿಪಿಎಂ, ಟಬ್‌ಗೆ ಸಾಲದು. ಉಳಿದ ಸುಣ್ಣ ತಳಕ್ಕೆ ಕೂತು ಫಿಲ್ಟರ್ ಕಟ್ಟುತ್ತದೆ. "ಒಂದು ಮುಷ್ಟಿ" ಅನ್ನುವುದಂತೂ ಅಳತೆಯೇ ಅಲ್ಲ.

ಡೈಕ್ಲೋರ್ ಪುಡಿ ಬೇಗ ಕರಗ್ತದೆ, ಆದರೆ ಪ್ರತಿ 10 ಪಿಪಿಎಂ ಕ್ಲೋರಿನ್ ಜೊತೆ ಸುಮಾರು 9 ಪಿಪಿಎಂ ಸಯನ್ಯುರಿಕ್ ಆಮ್ಲ ಬಿಟ್ಟು ಹೋಗ್ತದೆ. ದಿನಕ್ಕೆ 3 ಪಿಪಿಎಂ ಹಾಕಿದರೆ ತಿಂಗಳಿಗೆ ಅದು 80 ಪಿಪಿಎಂ ದಾಟ್ತದೆ. ಬಿಸಿಲಿನಿಂದ ಕ್ಲೋರಿನ್ ಕಾಯುವ ಈ ಆಮ್ಲ ಹೆಚ್ಚಾದರೆ ಕ್ಲೋರಿನ್ನಿನ ಕೈಯನ್ನೇ ಕಟ್ಟಿಹಾಕ್ತದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹಾಟ್ ಟಬ್‌ಗೆ ಇದು ಬೇಡ ಅಂತಲೇ ಹೇಳ್ತದೆ.

ದ್ರವ ರೂಪದ ಸೋಡಿಯಂ ಹೈಪೋಕ್ಲೋರೈಟ್ ಆಗ್ತದೆ, ಆದರೆ ಕ್ಯಾನ್ ಸೆಕೆಗೆ ಇಟ್ಟಲ್ಲೇ ಶಕ್ತಿ ಕಳೆದುಕೊಳ್ತದೆ. ಹೊಸತು ತಂದು ಬೇಗ ಮುಗಿಸುವವರಿಗೆ ಸರಿ.

65 ಶೇಕಡಾದ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹರಳು ನಾವು ಆರಿಸಿದ್ದು. ಬೋರ್‌ವೆಲ್‌ನ ಗಡಸು ನೀರಿರುವ ಊರಿನಲ್ಲಿ ಇದನ್ನು ಹಾಕಿದರೆ ಹೀಟರಿಗೆ ಬಿಳಿ ಪದರ ಕಟ್ಟುತ್ತದೆ. ನಮ್ಮ ಮುರಕಲ್ಲಿನ ಮೆದು ನೀರಿಗೆ ಸ್ವಲ್ಪ ಕ್ಯಾಲ್ಸಿಯಂ ಸೇರಿದರೆ ಒಳ್ಳೆಯದೇ. ಬೇರೆಯವರಿಗೆ ಅದರ ದೋಷ, ನಮಗೆ ಅದೇ ಗುಣ.

ಸಿಡಿಸಿ ಹೇಳುವ ಅಳತೆ: ಹಾಟ್ ಟಬ್‌ನಲ್ಲಿ ಕ್ಲೋರಿನ್ ಕಡಿಮೆ ಅಂದರೂ 3 ಪಿಪಿಎಂ, ಬ್ರೋಮಿನ್ ಆದರೆ 4 ಪಿಪಿಎಂ, ಪಿಎಚ್ 7.0ರಿಂದ 7.8, ಬಿಸಿ 40 ಡಿಗ್ರಿ ಮೀರಬಾರದು. 1,200 ಲೀಟರಿಗೆ 3 ಪಿಪಿಎಂ ಅಂದರೆ 3.6 ಗ್ರಾಂ ಕ್ಲೋರಿನ್. 65 ಶೇಕಡಾದ ಹರಳಿನಲ್ಲಿ 5.5 ಗ್ರಾಂ, ಒಂದು ಟೀ ಚಮಚದ ಆಸುಪಾಸು. ಇದು ಸ್ವಚ್ಛ ನೀರಿನ ಲೆಕ್ಕ. ಜನ ಕೂತು ಎದ್ದ ಮೇಲೆ ಎಷ್ಟು ಖರ್ಚಾಯಿತು ಅಂತ ಅಳೆದು ಮತ್ತೆ ಹಾಕಬೇಕು. ಗೆಸ್ಟ್ ಇಳಿಯುವ ಮೊದಲು ಒಮ್ಮೆ, ಎದ್ದ ಮೇಲೆ ಒಮ್ಮೆ, ಟೆಸ್ಟ್ ಸ್ಟ್ರಿಪ್ ಅದ್ದಿ ಪುಸ್ತಕದಲ್ಲಿ ಬರೆದಿಡಬೇಕು. ಓಝೋನ್ ಬೇಕಿದ್ದರೆ ಇದರ ಜೊತೆಗೆ, ಇದರ ಬದಲಿಗೆ ಅಲ್ಲ.

ಜಾಗ್ರತೆಯ ಮಾತು ಎರಡು. ಹರಳನ್ನು ಬಕೆಟ್ ನೀರಿಗೆ ಹಾಕಿ ಕರಗಿಸಬೇಕು, ಹರಳಿನ ಮೇಲೆ ನೀರು ಹೊಯ್ಯಬಾರದು. ಒಂದು ಬಗೆಯ ಕ್ಲೋರಿನ್ ಜೊತೆ ಇನ್ನೊಂದನ್ನು, ಅಥವಾ ಟಾಯ್ಲೆಟ್ ತೊಳೆಯುವ ಆಮ್ಲವನ್ನು ಎಂದೂ ಬೆರೆಸಬಾರದು. ಮೊದಲನೆಯದರಿಂದ ಬೆಂಕಿ ಹತ್ತಬಹುದು, ಎರಡನೆಯದರಿಂದ ವಿಷ ಅನಿಲ ಬರ್ತದೆ. ಡಬ್ಬಿ ಒಣ ಜಾಗದಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ ಇರಬೇಕು.

ನೀರು ಯಾವಾಗ ಚೆಲ್ಲುವುದು?

ಎಷ್ಟು ಕ್ಲೋರಿನ್ ಹಾಕಿದರೂ ಬೆವರಿನ ಲವಣ, ಸೋಪಿನ ಅಂಶ ನೀರಿನಲ್ಲೇ ಕೂಡ್ತಾ ಹೋಗ್ತದೆ. ಪೈಪಿನ ಒಳಗೆ ಲೋಳೆ ಪದರ ಕಟ್ಟಿದರೆ ಅದರ ಅಡಿಯ ಬ್ಯಾಕ್ಟೀರಿಯಾಕ್ಕೆ ಕ್ಲೋರಿನ್ ತಲುಪುವುದಿಲ್ಲ. ನೀರು ಚೆಲ್ಲಿ, ಟಬ್ ತಿಕ್ಕಿ, ಪೈಪ್ ತೊಳೆಯಲೇ ಬೇಕು. ಎಷ್ಟು ದಿನಕ್ಕೆ? ಬಳಕೆಯಲ್ಲಿರುವ ಸೂತ್ರ ಗ್ಯಾಲನ್‌ನಲ್ಲಿದೆ, ಲೀಟರಿಗೆ ತಂದರೆ ಹೀಗೆ: ಟಬ್‌ನ ಲೀಟರನ್ನು 11.4ರಿಂದ ಭಾಗಿಸಿ, ಬಂದದ್ದನ್ನು ದಿನಕ್ಕೆ ಕೂರುವವರ ಸಂಖ್ಯೆಯಿಂದ ಭಾಗಿಸಿ. 1,200 ಲೀಟರಿಗೆ ದಿನಕ್ಕೆ 4 ಜನ ಆದರೆ 26 ದಿನ, 8 ಜನ ಆದರೆ 13 ದಿನ, 20 ಜನ ಆದರೆ 5 ದಿನ.

ಈಗ ನಿಜವಾದ ಕಷ್ಟ ಬಂತು. ಹೋಮ್‌ಸ್ಟೇಗೆ ಜನ ತುಂಬುವುದು ಏಪ್ರಿಲ್, ಮೇ ರಜೆಯಲ್ಲಿ. ಬಾವಿ ತಳ ಕಾಣುವುದೂ ಆಗಲೇ. ಸುತ್ತಲಿನ ಮನೆಯವರು ಕೊಡಪಾನ ಹಿಡಿದು ಟ್ಯಾಂಕರ್ ಕಾಯುವಾಗ 5 ದಿನಕ್ಕೊಮ್ಮೆ 1,200 ಲೀಟರ್ ಚೆಲ್ಲುವುದು ಹೇಗೆ? ಚೆಲ್ಲದೆ "ಇನ್ನೊಂದು ವಾರ ಓಡ್ಲಿ" ಅಂತ ಬಿಡುವುದು ಹೇಗೆ? ಯಾವ ಕಂಪನಿಯ ಯಾವ ಮದ್ದೂ ಇದಕ್ಕೆ ಉತ್ತರ ಅಲ್ಲ. ನಾವು ಮಾವನಿಗೆ ಹೇಳಿದ್ದು ಇಷ್ಟು: ಬಾವಿಯಲ್ಲಿ ನೀರು ಇರುವ ತಿಂಗಳುಗಳಲ್ಲಿ ಸೂತ್ರದ ಪ್ರಕಾರ ಚೆಲ್ಲಿ, ಚೆಲ್ಲುವ ಮೊದಲು ಮುಚ್ಚಳ ತೆಗೆದು ಒಂದೆರಡು ದಿನ ಬಿಸಿಲಿಗೆ ಬಿಟ್ಟು ಕ್ಲೋರಿನ್ ಸೊನ್ನೆಗೆ ಇಳಿದ ಮೇಲೆ ತೆಂಗಿನ ತೋಟಕ್ಕೆ ಬಿಡಿ. ನೀರು ಬತ್ತುವ ತಿಂಗಳುಗಳಲ್ಲಿ ಟಬ್ ಖಾಲಿ ಮಾಡಿ, ಒಣಗಿಸಿ, ಮುಚ್ಚಿಡಿ. ಬಿಸಿನೀರು ಬೇಕು ಅಂದವರಿಗೆ ಹಂಡೆ ಉಂಟಲ್ಲ, ಎರಡು ಬಕೆಟ್‌ನಲ್ಲಿ ಮುಗೀತದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ರಜೆಯಲ್ಲೇ ಬಂದ್ ಮಾಡೂದಾದ್ರೆ ಟಬ್ ಎಂತಕ್ಕೆ?" ಅಂದರು. ಅದೂ ಸರಿಯಾದ ಪ್ರಶ್ನೆಯೇ. ಅದಕ್ಕೆ ಉತ್ತರ ಅವರ ಬಾವಿಯೇ ಹೇಳಬೇಕು.

ಟ್ರಿಪ್ ಹೋಗುವವರಿಗೆ

ಕೊನೆಗೆ ನಮಗೆ ನಿಮಗೆ ಬೇಕಾದದ್ದು. ಸೆಮಿಸ್ಟರ್ ಮುಗಿದ ಮೇಲೆ ಎಂಟು ಹತ್ತು ಜನ ಸೇರಿ ಎಲ್ಲಿಯೋ ರೂಮ್ ಮಾಡಿ, ಟಬ್ ಕಂಡ ಕೂಡಲೇ ಹಾರುವವರು ನಾವೇ. ಹಾರುವ ಮೊದಲು ನಾಲ್ಕು ವಿಷಯ ನೋಡಿ. ನೀರಿನ ಮಟ್ಟದಲ್ಲಿ ಟಬ್‌ನ ಗೋಡೆಗೆ ಬೆರಳು ಒರೆಸಿ: ಲೋಳೆ ತಾಗಿದರೆ ಇಳಿಯಬೇಡಿ. ಮೂಗಿಗೆ ಘಾಟು ಹೊಡೆದರೂ ಇಳಿಯಬೇಡಿ. ಕೊನೆಯ ರೀಡಿಂಗ್ ಎಷ್ಟು, ನೀರು ಬದಲಿಸಿ ಎಷ್ಟು ದಿನ ಆಯಿತು ಅಂತ ನೋಡಿಕೊಳ್ಳುವವರನ್ನು ಕೇಳಿ. ಇಳಿಯುವ ಮೊದಲು ಸೋಪು ಹಾಕಿ ಮಿಂದುಕೊಳ್ಳಿ, ಯಾಕೆಂದರೆ ನಮ್ಮ ಬೆವರೇ ಅವರ ಕ್ಲೋರಿನ್ ಖರ್ಚು ಮಾಡುವುದು. ಟಬ್‌ನಲ್ಲಿ ಕೂತು ಬಂದ ಎರಡು ವಾರದೊಳಗೆ ಕೆಮ್ಮು, ಜ್ವರ ಬಂದರೆ ಡಾಕ್ಟರಿಗೆ ಟಬ್ ವಿಷಯ ಹೇಳಿ, ಅವರಾಗಿ ಕೇಳುವುದಿಲ್ಲ.

ಇನ್ನೂ ಸುಲಭ ಅಂದರೆ ಕ್ಲೋರಿನ್, ಬ್ರೋಮಿನ್, ಪಿಎಚ್ ಮೂರೂ ತೋರಿಸುವ ಸ್ಟ್ರಿಪ್‌ನ ಒಂದು ಸಣ್ಣ ಡಬ್ಬಿ. ಹತ್ತು ಜನ ಹಂಚಿಕೊಂಡರೆ ತಲೆಗೆ ಒಂದು ಮಸಾಲೆ ದೋಸೆಯ ಖರ್ಚೂ ಬೀಳಲಿಕ್ಕಿಲ್ಲ. ಬ್ಯಾಗಿನಲ್ಲಿ ಹಾಕಿಕೊಳ್ಳಿ. ನೀರಿಗೆ ಅದ್ದಿ, ಡಬ್ಬಿಯ ಮೇಲೆ ಬರೆದಷ್ಟು ಸೆಕೆಂಡ್ ಕಾದು, ಬಣ್ಣ ಹೋಲಿಸಿ ನೋಡಿ. 3ಕ್ಕಿಂತ ಕೆಳಗಿದ್ದರೆ ಕಾಲು ಒಣಗಿಸಿಕೊಂಡು ಸಮುದ್ರದ ಕಡೆ ನಡೆಯಿರಿ.